ವಾರದ ಮಧ್ಯಾಹ್ನದ ಊಟಕ್ಕೆ ಮೀನು, ಸೀಗಡಿ ಟಾಕೊ ಬೌಲ್: ಎರಡು ಕಂತಿನ ತಯಾರಿ

ಟಾಕೊದ ಹೂರಣವನ್ನು ಟೋರ್ಟಿಯಾ ಎಂಬ ಮೆಕ್ಸಿಕನ್ ರೊಟ್ಟಿಯೊಳಗೆ ಮಡಚದೆ ಅನ್ನದ ಮೇಲೆ ಹರಡಿ ಬಟ್ಟಲಿನಲ್ಲಿ ತಿಂದರೆ ಅದು ಟಾಕೊ ಬೌಲ್. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಕರಾವಳಿಯ ಮೀನಿನ ಟಾಕೊದಲ್ಲಿ ಸಣ್ಣಗೆ ಹೆಚ್ಚಿದ ಎಲೆಕೋಸು, ಕೆನೆಯಂಥ ಬಿಳಿ ಸಾಸ್ ಮತ್ತು ನಿಂಬೆರಸ ಇರುತ್ತವೆ. ಬಟ್ಟಲಿಗೂ ಈ ಮೂರು ಬೇಕು. ಜೊತೆಗೆ ಬೇಯಿಸಿದ ಕಪ್ಪು ಬೀನ್ಸ್ ಮತ್ತು ಹುರಿದ ಜೋಳ ಸೇರಿದರೆ ಒಂದು ಹೊತ್ತಿಗೆ ಸಾಕಾಗುವ ಊಟವಾಗುತ್ತದೆ.

ವಾರದ ಐದು ಡಬ್ಬಿಗಳನ್ನೂ ಭಾನುವಾರವೇ ತುಂಬಿ ಫ್ರಿಜ್‌ನಲ್ಲಿ ಜೋಡಿಸಿಡುವ ಪದ್ಧತಿ ಬೇರೆ ಊಟಗಳಿಗೆ ಒಗ್ಗಬಹುದು, ಮೀನು ಸೀಗಡಿಗೆ ಒಗ್ಗುವುದಿಲ್ಲ. ಬೇಯಿಸಿದ ಮೀನಾಗಲಿ ಸೀಗಡಿಯಾಗಲಿ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ಫ್ರಿಜ್‌ನಲ್ಲಿ 3ರಿಂದ 4 ದಿನ ಮಾತ್ರ ಸುರಕ್ಷಿತವಾಗಿರುತ್ತದೆ, ರುಚಿಯಂತೂ ಅದಕ್ಕೂ ಮೊದಲೇ ಇಳಿಯುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಅನ್ನ, ಬೀನ್ಸ್, ಸಾಸ್, ಉಪ್ಪಿನಕಾಯಿಯಂಥ ಈರುಳ್ಳಿ ಎಲ್ಲವೂ ಭಾನುವಾರ ಒಮ್ಮೆಗೇ ಸಿದ್ಧವಾಗುತ್ತವೆ. ಮೀನು ಸೀಗಡಿಯನ್ನು ಮಾತ್ರ ಭಾನುವಾರ ಮೂರು ದಿನಕ್ಕೆ, ಬುಧವಾರ ರಾತ್ರಿ ಉಳಿದ ಎರಡು ದಿನಕ್ಕೆ ಎಂದು ಎರಡು ಕಂತಿನಲ್ಲಿ ಬೇಯಿಸಲಾಗುತ್ತದೆ. ಬುಧವಾರದ ಕೆಲಸ ಕಾಲು ಗಂಟೆಯದು. ಅಷ್ಟು ಸಮಯವೂ ಇಲ್ಲ ಎನ್ನುವವರು ವಾರಕ್ಕೆ ಮೂರು ಡಬ್ಬಿಯಷ್ಟೇ ಮಾಡಿಕೊಳ್ಳುವುದು ಒಳ್ಳೆಯದು.

ಯಾವ ಮೀನು, ಎಂಥ ಸೀಗಡಿ

ಡಬ್ಬಿಯ ಊಟಕ್ಕೆ ನನ್ನ ಮೊದಲ ಆಯ್ಕೆ ಸೀಗಡಿ. ಅದು ತಣ್ಣಗಿದ್ದರೂ ರುಚಿಯಾಗಿರುತ್ತದೆ, ಬಿಡಿಬಿಡಿಯಾಗಿ ಉಳಿಯುತ್ತದೆ, ಬಿಸಿ ಮಾಡುವಾಗ ಹತ್ತು ಮಂದಿ ಕೂತಿರುವ ಕೋಣೆಯನ್ನು ವಾಸನೆಯಿಂದ ತುಂಬುವುದೂ ಕಡಿಮೆ. ಸೀಗಡಿ ಪೊಟ್ಟಣಗಳ ಮೇಲೆ 21/25, 31/40 ಎಂಬಂಥ ಅಂಕಿಗಳಿದ್ದರೆ ಅವು ಒಂದು ಪೌಂಡಿಗೆ, ಎಂದರೆ ಸುಮಾರು 450 ಗ್ರಾಂಗೆ, ಎಷ್ಟು ಸೀಗಡಿ ತೂಗುತ್ತವೆ ಎಂಬುದನ್ನು ತಿಳಿಸುತ್ತವೆ. ಅಂಕಿ ಚಿಕ್ಕದಾದಷ್ಟೂ ಸೀಗಡಿ ದೊಡ್ಡದು. ತೀರ ಚಿಕ್ಕವು ಬಾಣಲೆಯಲ್ಲಿ ಕಂದು ಬಣ್ಣ ಬರುವಷ್ಟರಲ್ಲಿ ಒಳಗೆ ಅತಿಯಾಗಿ ಬೆಂದಿರುತ್ತವೆ, ಹಾಗಾಗಿ 21/25 ಅಥವಾ 26/30 ಗಾತ್ರ ಹಿತ. ಮೊದಲೇ ಬೇಯಿಸಿ ಹೆಪ್ಪುಗಟ್ಟಿಸಿದ, ಪೊಟ್ಟಣದಲ್ಲೇ ಗುಲಾಬಿ ಬಣ್ಣಕ್ಕಿರುವ ಸೀಗಡಿಯನ್ನು ಮತ್ತೆ ಬಾಣಲೆಗೆ ಹಾಕಿದರೆ ರಬ್ಬರಾಗುತ್ತದೆ.

ಮೀನೇ ಬೇಕೆಂದರೆ ಕಾಡ್, ಹ್ಯಾಲಿಬಟ್, ಸ್ನ್ಯಾಪರ್, ಮಾಹಿ ಮಾಹಿಯಂಥ ಬಿಳಿ ಮಾಂಸದ, ಮುಳ್ಳು ತೆಗೆದ ದಪ್ಪ ತುಂಡುಗಳನ್ನು ಆರಿಸಬೇಕು. ತಿಲಾಪಿಯಾ ತೆಳುವಾದರೂ ನಡೆಯುತ್ತದೆ. ಸಾಲ್ಮನ್‌ನಲ್ಲಿ ಕೊಬ್ಬು ಹೆಚ್ಚಿರುವುದರಿಂದ ಒಣಗುವುದಿಲ್ಲ. ಆದರೆ ಅದೇ ಕೊಬ್ಬು ಫ್ರಿಜ್‌ನಲ್ಲಿದ್ದು ಮತ್ತೆ ಕಾಯುವಾಗ ಹಳಸಲು ವಾಸನೆ ಬಿಡುವುದರಿಂದ ಸಾಲ್ಮನ್ ಬೌಲನ್ನು ತಣ್ಣಗೆ ತಿನ್ನುವುದೇ ಸರಿ. ಟ್ಯೂನಾ, ಬಂಗುಡೆ ಜಾತಿಯ ಮೀನುಗಳಲ್ಲಿ ಇನ್ನೊಂದು ಎಚ್ಚರ ಬೇಕು: ಅವು ಹಿಡಿದ ಮೇಲೆ ಸರಿಯಾಗಿ ತಣ್ಣಗಿರದಿದ್ದರೆ ಮಾಂಸದಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಹುಟ್ಟುತ್ತದೆ, ಮತ್ತು ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ಇವುಗಳ ತಾಜಾತನದ ಬಗ್ಗೆ ಸಂಶಯವಿದ್ದರೆ ಕೊಳ್ಳದಿರುವುದೊಂದೇ ದಾರಿ. ಗರ್ಭಿಣಿಯರು ಪಾದರಸ ಹೆಚ್ಚಿರುವ ಕತ್ತಿಮೀನು, ಶಾರ್ಕ್, ಕಿಂಗ್ ಮ್ಯಾಕೆರೆಲ್‌ಗಳನ್ನು ಬಿಡಬೇಕು. ಸೀಗಡಿ, ಕಾಡ್, ತಿಲಾಪಿಯಾ, ಸಾಲ್ಮನ್‌ಗಳಲ್ಲಿ ಅದು ಕಡಿಮೆ.

ಸ್ಕ್ವಿಡ್ ಅನ್ನು ನಾನು ಈ ಊಟದಿಂದ ಹೊರಗಿಡುತ್ತೇನೆ. ಅದು ಒಂದೆರಡು ನಿಮಿಷದಲ್ಲಿ ಬೆಂದಾಗ ಮೆತ್ತಗೆ, ಆಮೇಲೆ ಬಹಳ ಹೊತ್ತು ಬೇಯುವ ತನಕ ಚರ್ಮದಂತೆ ಗಟ್ಟಿ. ಮಾರನೆಯ ದಿನ ಬಿಸಿ ಮಾಡಿದಾಗ ಆ ಗಟ್ಟಿ ಹಂತಕ್ಕೇ ಬಂದು ನಿಲ್ಲುತ್ತದೆ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಟಾಕೊದಲ್ಲಿ ಎಷ್ಟೇ ಚೆನ್ನಾಗಿದ್ದರೂ ಮುಚ್ಚಿದ ಡಬ್ಬಿಯಲ್ಲಿ ಹಬೆಗೆ ನೆನೆದು ಮುದ್ದೆಯಾಗುತ್ತದೆ.

ಐದು ಡಬ್ಬಿಗೆ ಬೇಕಾಗುವ ಪ್ರಮಾಣ

ಒಬ್ಬರ ಐದು ಊಟಕ್ಕೆ ಸಿಪ್ಪೆ ಸುಲಿದ ಸೀಗಡಿ ಅಥವಾ ಮುಳ್ಳಿಲ್ಲದ ಮೀನು 625 ಗ್ರಾಂ ಬೇಕು, ಎಂದರೆ ಡಬ್ಬಿಗೆ ಹಸಿಯಾಗಿ 125 ಗ್ರಾಂ; ಬೆಂದಾಗ ನೀರು ಬಿಟ್ಟು 100 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಇದರಲ್ಲಿ 375 ಗ್ರಾಂ ಭಾನುವಾರಕ್ಕೆ, 250 ಗ್ರಾಂ ಬುಧವಾರಕ್ಕೆ ಬೇರೆ ಬೇರೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಬೇಕು. ಅಕ್ಕಿ ಒಂದೂವರೆ ಕಪ್ ಸಾಕು, ಅದು ಬೆಂದು ಸುಮಾರು ನಾಲ್ಕೂವರೆ ಕಪ್ ಅನ್ನವಾಗುತ್ತದೆ. ಒಣ ಕಪ್ಪು ಬೀನ್ಸ್ ಮುಕ್ಕಾಲು ಕಪ್, ಬಿಡಿಸಿದ ಸಿಹಿ ಜೋಳ ಎರಡು ಕಪ್, ಎಲೆಕೋಸು 400 ಗ್ರಾಂ, ದೊಡ್ಡ ಕೆಂಪು ಈರುಳ್ಳಿ ಒಂದು, ಗಟ್ಟಿ ಮೊಸರು ಒಂದು ಕಪ್, ನಿಂಬೆಹಣ್ಣು ನಾಲ್ಕೈದು, ಕೊತ್ತಂಬರಿ ಸೊಪ್ಪು ಒಂದು ಕಟ್ಟು. ಬೆಣ್ಣೆಹಣ್ಣು ಇಷ್ಟವಿದ್ದರೆ ಹಣ್ಣಾಗುವ ಬೇರೆ ಬೇರೆ ಹಂತದಲ್ಲಿರುವ ಎರಡು ಮೂರು ಹಣ್ಣು ತಂದಿಟ್ಟುಕೊಳ್ಳಬಹುದು.

ಮಸಾಲೆಗೆ ಅಚ್ಚಖಾರದ ಪುಡಿ 2 ಟೀ ಚಮಚ, ಹುರಿದ ಜೀರಿಗೆ ಪುಡಿ ಒಂದೂವರೆ ಟೀ ಚಮಚ, ಹೊಗೆಯಾಡಿಸಿದ ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ) 1 ಟೀ ಚಮಚ, ಬೆಳ್ಳುಳ್ಳಿ ಪುಡಿ ಮತ್ತು ಓರೆಗಾನೊ ಅರ್ಧರ್ಧ ಟೀ ಚಮಚ, ಸ್ವಲ್ಪ ಕಾಳುಮೆಣಸು. ಉಪ್ಪನ್ನು ಇದರಲ್ಲಿ ಬೆರೆಸದೆ ಬೇರೆಯಾಗಿಯೇ ಹಾಕುವುದು ಮೇಲು, ಏಕೆಂದರೆ ಮೀನಿನ ಉಪ್ಪು ಮತ್ತು ಮಸಾಲೆಯ ಹದ ಒಂದೇ ಅಲ್ಲ. ಸಿದ್ಧ ಟಾಕೊ ಮಸಾಲೆಯ ಪೊಟ್ಟಣ ಬಳಸುವವರು ಅದರಲ್ಲಿ ಸಾಮಾನ್ಯವಾಗಿ ಉಪ್ಪು ಸಾಕಷ್ಟಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಬೇರೆ ಉಪ್ಪನ್ನು ಕಡಿಮೆ ಹಾಕಬೇಕು.

ಭಾನುವಾರದ ಕೆಲಸ

ಬೀನ್ಸ್ ಅನ್ನು ಶನಿವಾರ ರಾತ್ರಿ ನೆನೆಹಾಕಿ, ಭಾನುವಾರಕ್ಕೆ ಬೇಕಾದ ಮೀನಿನ ಪೊಟ್ಟಣವನ್ನು ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿಡಬೇಕು. ಗಾಳಿ ತೆಗೆದು ಮುಚ್ಚಿದ ಪೊಟ್ಟಣವಾದರೆ ಕರಗಿಸಲು ಇಡುವ ಮೊದಲೇ ಅದನ್ನು ಕತ್ತರಿಸಿ ತೆರೆಯಬೇಕು: ಗಾಳಿಯಿಲ್ಲದ ಕಡೆ, ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲ ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಮೀನಿನಲ್ಲಿರಲು ಸಾಧ್ಯ. ಅಡುಗೆಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಟ್ಟು ಕರಗಿಸುವುದಂತೂ ಬೇಡ. ಮರೆತಿದ್ದರೆ, ನೀರು ಹೋಗದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ ಕರಗಿಸಿ, ಕರಗಿದ ಕೂಡಲೇ ಬೇಯಿಸಬಹುದು.

ಕೆಲಸದ ಕ್ರಮದಲ್ಲಿ ಹಸಿಯಾಗಿ ತಿನ್ನುವ ತರಕಾರಿಗಳು ಮೊದಲು, ಹಸಿ ಮೀನು ಕೊನೆಗೆ. ಮೀನು ಮುಟ್ಟಿದ ಹಲಗೆ, ಚಾಕು, ಕೈಗಳು ಮತ್ತೆ ಎಲೆಕೋಸಿನ ಹತ್ತಿರ ಹೋಗುವ ಸಂದರ್ಭವೇ ಬರದಂತೆ ಇದು ನೋಡಿಕೊಳ್ಳುತ್ತದೆ.

ಮೊದಲು ಈರುಳ್ಳಿ. ಅದನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ ಗಾಜಿನ ಬಾಟಲಿಗೆ ತುಂಬಿ, ಅರ್ಧ ಕಪ್ ವಿನೆಗರ್, ಅರ್ಧ ಕಪ್ ಬಿಸಿ ನೀರು, ಉಪ್ಪು ಮತ್ತು ಸಕ್ಕರೆ ತಲಾ ಒಂದು ಟೀ ಚಮಚ ಕದಡಿ ಮೇಲೆ ಸುರಿಯಬೇಕು. ಹುಳಿ ತಗುಲಿದ ಕೂಡಲೇ ಈರುಳ್ಳಿಯ ನೇರಳೆ ಬಣ್ಣ ಗುಲಾಬಿಗೆ ತಿರುಗತೊಡಗಿ, ಅರ್ಧ ಗಂಟೆಯಲ್ಲಿ ಎಸಳುಗಳೆಲ್ಲ ಒಂದೇ ಬಣ್ಣಕ್ಕೆ ಬರುತ್ತವೆ. ಫ್ರಿಜ್‌ನಲ್ಲಿ ಎರಡು ವಾರ ಚೆನ್ನಾಗಿರುವ ಈ ಈರುಳ್ಳಿ ಇಡೀ ಬಟ್ಟಲಿನಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ರುಚಿ ಕೊಡುವ ವಸ್ತು. ಟೊಮೆಟೊ ಸಾಲ್ಸಾವನ್ನು ಐದು ದಿನಕ್ಕೆ ಮಾಡಿಟ್ಟರೆ ನೀರಾಗುವುದರಿಂದ ಅದರ ಬದಲು ಇದನ್ನೇ ನೆಚ್ಚಿಕೊಳ್ಳಬಹುದು.

ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ತೊಳೆದಿದ್ದರೆ ಬಟ್ಟೆಯಲ್ಲಿ ಸುತ್ತಿ ನೀರು ಪೂರ್ತಿ ಆರಿಸಿ, ತಳದಲ್ಲೊಂದು ಪೇಪರ್ ಟವೆಲ್ ಹಾಸಿದ ಡಬ್ಬಿಯಲ್ಲಿಡಬೇಕು. ಉಪ್ಪಾಗಲಿ ನಿಂಬೆಯಾಗಲಿ ಈಗ ಸೋಕಬಾರದು, ಸೋಕಿದರೆ ಸೋಮವಾರವೇ ನೀರು ಬಿಟ್ಟು ಬಾಡುತ್ತದೆ. ಲೆಟ್ಯೂಸ್ ಎರಡೇ ದಿನಕ್ಕೆ ಸೋಲುವಲ್ಲಿ ಒಣಗಿಸಿಟ್ಟ ಎಲೆಕೋಸು ಶುಕ್ರವಾರವೂ ಕರುಂ ಎನ್ನುತ್ತದೆ.

ಸಾಸ್‌ಗೆ ಗಟ್ಟಿ ಮೊಸರು ಒಂದು ಕಪ್, ಮೇಯನೇಸ್ ಎರಡು ದೊಡ್ಡ ಚಮಚ, ನಿಂಬೆರಸ ಒಂದು ದೊಡ್ಡ ಚಮಚ, ನಿಂಬೆಯ ಹಸಿರು ಸಿಪ್ಪೆಯ ತುರಿ, ಉಪ್ಪು, ಮತ್ತು ಸಿಕ್ಕಿದರೆ ಅಡೋಬೊ ಎಂಬ ಹುಳಿಖಾರದ ಸಾಸ್‌ನಲ್ಲಿ ನೆನೆಸಿದ ಒಂದು ಚಿಪೋಟ್ಲೆ ಮೆಣಸಿನಕಾಯಿಯನ್ನು ನುಣ್ಣಗೆ ಅರೆದು ಕಲಸಬೇಕು. ಚಿಪೋಟ್ಲೆ ಎಂದರೆ ಹಣ್ಣಾದ ಹಲಪೀನ್ಯೊ ಎಂಬ ಮೆಕ್ಸಿಕನ್ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು. ಅದಿಲ್ಲದಿದ್ದರೆ ಹೊಗೆಯಾಡಿಸಿದ ಪ್ಯಾಪ್ರಿಕಾ ಮತ್ತು ಚಿಟಿಕೆ ಖಾರದ ಪುಡಿ ಸೇರಿಸಬಹುದು. ಹಸಿ ಬೆಳ್ಳುಳ್ಳಿಯನ್ನು ಅರ್ಧ ಎಸಳಿಗಿಂತ ಹೆಚ್ಚು ತುರಿಯಬೇಡಿ. ಮಾಡಿದ ದಿನ ಸಪ್ಪೆ ಎನ್ನಿಸಿದರೂ ಬುಧವಾರದ ಹೊತ್ತಿಗೆ ಬೆಳ್ಳುಳ್ಳಿಯ ಘಾಟು ಬೆಳೆದು ಉಳಿದೆಲ್ಲ ರುಚಿಯನ್ನು ಮುಚ್ಚಿಬಿಡುತ್ತದೆ.

ಬೀನ್ಸ್ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ, ಬೆರಳಲ್ಲಿ ಒತ್ತಿದರೆ ಸುಲಭವಾಗಿ ನುಣ್ಣಗಾಗುವ ತನಕ ಬೇಯಿಸಬೇಕು. ಕಪ್ಪು ಬೀನ್ಸ್ ಬದಲು ರಾಜ್ಮಾ ಹಾಕುವವರು ಅದನ್ನು ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸಿ ವಾಂತಿ ತರುತ್ತದೆ. ಬೆಂದ ಮೇಲೆ ನೀರು ಬಸಿದು, ಚಮಚ ಎಣ್ಣೆಯಲ್ಲಿ ಜೀರಿಗೆ ಪುಡಿಯೊಂದಿಗೆ ಎರಡು ನಿಮಿಷ ಬಾಡಿಸಿ ತೇವ ಆರಿಸಬೇಕು. ಜೋಳಕ್ಕೆ ಎಣ್ಣೆಯೂ ಬೇಡ: ಕಾದ ಕಬ್ಬಿಣದ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ, ಕೈಯಾಡಿಸದೆ ಎರಡು ಮೂರು ನಿಮಿಷ ಬಿಟ್ಟರೆ ತಳ ತಾಕಿದ ಕಾಳುಗಳಲ್ಲಿ ಕಪ್ಪು ಚುಕ್ಕೆ ಮೂಡಿ, ಒಂದೆರಡು ಚಟಪಟ ಸಿಡಿಯುತ್ತವೆ. ಆಗ ಇಳಿಸಬಹುದು.

ಅನ್ನದ ವಿಷಯದಲ್ಲಿ ಬೇಯಿಸುವುದಕ್ಕಿಂತ ಆರಿಸುವುದು ಮುಖ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿದು, ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಮೊಳೆತು ಬೆಳೆಯುತ್ತವೆ, ಮತ್ತು ಅವು ಬಿಡುವ ವಿಷಗಳಲ್ಲಿ ಒಂದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಉದುರಾಗಿ ಬೆಂದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಡದೆ ಅಗಲ ತಟ್ಟೆಗಳಲ್ಲಿ ಹರಡಿ, ಹಬೆ ಹೋದ ಮೇಲೆ ಡಬ್ಬಿಗೆ ತುಂಬಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಗುರುವಾರ, ಶುಕ್ರವಾರದ ಪಾಲಿನ ಅನ್ನ ಮತ್ತು ಬೀನ್ಸ್ ಫ್ರಿಜ್‌ಗಲ್ಲ, ನೇರವಾಗಿ ಫ್ರೀಜರಿಗೆ ಹೋಗಬೇಕು. ಇದರಲ್ಲಿ ಸುರಕ್ಷತೆಯಷ್ಟೇ ಅಲ್ಲ, ರುಚಿಯ ಲಾಭವೂ ಇದೆ: ಫ್ರಿಜ್‌ನ ತಂಪಿನಲ್ಲಿ ಅನ್ನದ ಪಿಷ್ಟ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ, ಹೆಪ್ಪುಗಟ್ಟಿದ ಅನ್ನ ಬಿಸಿ ಮಾಡಿದಾಗ ಹೆಚ್ಚುಕಡಿಮೆ ಹೊಸದರಂತೆ ಬಿಚ್ಚಿಕೊಳ್ಳುತ್ತದೆ. ಕೊತ್ತಂಬರಿಯ ದಂಟನ್ನು ಸಣ್ಣಗೆ ಹೆಚ್ಚಿ ಅನ್ನಕ್ಕೆ ಬೆರೆಸಬಹುದು. ಎಲೆ ಕಪ್ಪಾಗುವುದರಿಂದ ಅದು ತಿನ್ನುವ ಹೊತ್ತಿಗೇ ಇರಲಿ.

ಬಾಣಲೆಯ ಮುಂದೆ

ಸೀಗಡಿಯ ಬೆನ್ನನ್ನು ಚಾಕುವಿನ ತುದಿಯಿಂದ ಸೀಳಿ ಕಪ್ಪು ನರವನ್ನು ಎಳೆದು ತೆಗೆದು, ತೊಳೆದು, ಪೇಪರ್ ಟವೆಲ್‌ನಿಂದ ಒತ್ತಿ ಒಣಗಿಸಬೇಕು. 375 ಗ್ರಾಂಗೆ ಮುಕ್ಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಅಡುಗೆ ಸೋಡಾ ಸವರಿ 15ರಿಂದ 30 ನಿಮಿಷ ಫ್ರಿಜ್‌ನಲ್ಲಿಡಬೇಕು. ಸೋಡಾದ ಕ್ಷಾರಗುಣದಿಂದ ಸೀಗಡಿಯ ಮಾಂಸ ತೇವವನ್ನು ಬಿಗಿಯಾಗಿ ಹಿಡಿದುಕೊಂಡು ಬೆಂದ ಮೇಲೂ ಪುಟಿಯುವಂತಿರುತ್ತದೆ. ಆಗಲೇ ತಿನ್ನುವ ಅಡುಗೆಗೆ ಇದು ಐಚ್ಛಿಕವಾದರೂ ಮೂರು ದಿನ ಇಟ್ಟು ತಿನ್ನುವುದಕ್ಕೆ ಇದನ್ನು ತಪ್ಪಿಸಬಾರದು ಎಂದು ನನ್ನ ಅಭಿಪ್ರಾಯ. ನಿಂಬೆರಸದಲ್ಲಿ ನೆನೆಸುವುದು ಮಾತ್ರ ಬೇಡವೇ ಬೇಡ: ಹುಳಿಯು ಮಾಂಸದ ಪ್ರೋಟೀನನ್ನು ಬೆಂಕಿಯಿಲ್ಲದೆಯೇ ಗಟ್ಟಿಮಾಡುತ್ತದೆ, ಬೇಯಿಸಿದಾಗ ಅದು ಹಿಟ್ಟುಹಿಟ್ಟಾಗುತ್ತದೆ.

ಮಸಾಲೆಯನ್ನು ಒಣದಾಗಿ ಉದುರಿಸಿದರೆ ಬಾಣಲೆಯಲ್ಲಿ ಸೀದು ಕಹಿಯಾಗುತ್ತದೆ. ಬುಧವಾರದ ಪಾಲಿನ ಮಸಾಲೆಯನ್ನು ಎತ್ತಿಟ್ಟು, ಉಳಿದದ್ದನ್ನು ಎರಡು ಟೀ ಚಮಚ ಎಣ್ಣೆಯಲ್ಲಿ ಕಲಸಿ ಸೀಗಡಿಗೆ ಸವರಿ, ಚೆನ್ನಾಗಿ ಕಾದ ಅಗಲ ಬಾಣಲೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯತೊಡಗುತ್ತವೆ; ಎರಡು ಸಲವಾಗಿ ಮಾಡಿದರೆ ನಾಲ್ಕು ನಿಮಿಷ ಹೆಚ್ಚು ಹಿಡಿದೀತು, ಅಷ್ಟೆ. ಮೊದಲ ಮಗ್ಗುಲಿಗೆ ಎರಡು ನಿಮಿಷ. ಅಂಚಿನಿಂದ ಬೂದು ಬಣ್ಣ ಹಿಂದೆ ಸರಿದು ಗುಲಾಬಿ ಏರುವುದು ಕಣ್ಣಿಗೇ ಕಾಣುತ್ತದೆ, ಅದು ಅರ್ಧ ದಪ್ಪ ದಾಟಿದಾಗ ಮಗುಚಿ ಇನ್ನೊಂದು ನಿಮಿಷ ಬಿಡಬೇಕು. ಅತಿ ದಪ್ಪ ಭಾಗವೂ ಗಾಜಿನಂಥ ಪಾರದರ್ಶಕತೆ ಕಳೆದು ಬೆಳ್ಳಗಾಗಿ, ಸೀಗಡಿ ಬಿದಿಗೆ ಚಂದ್ರನಂತೆ ಬಾಗಿದಾಗ ಹದ. ತಲೆ ಬಾಲ ಕೂಡಿ ಉಂಗುರವಾಗಿದ್ದರೆ ಹದ ಮೀರಿತು ಎಂದರ್ಥ. ಕಾದ ಬಾಣಲೆಯಲ್ಲೇ ಬಿಟ್ಟರೆ ಬೇಯುತ್ತಲೇ ಇರುವುದರಿಂದ ತಕ್ಷಣ ತಟ್ಟೆಗೆ ಹರಡಬೇಕು.

ಮೀನಾದರೆ ಓವನ್ ಸುಲಭ. ಒಣಗಿಸಿ, ಉಪ್ಪು ಮಸಾಲೆ ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡಿಗೆ 10ರಿಂದ 12 ನಿಮಿಷ ಹಿಡಿಯುತ್ತದೆ. ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಅತಿ ದಪ್ಪ ಜಾಗದಲ್ಲಿ ಫೋರ್ಕ್ ಚುಚ್ಚಿ ಮೆಲ್ಲಗೆ ತಿರುಗಿಸಿದಾಗ ಪದರಗಳು ತಾವಾಗಿ ಬೇರ್ಪಡಬೇಕು, ನಡುವೆ ಹಸಿ ಹೊಳಪು ಉಳಿದಿರಬಾರದು. ಬೆಂದ ಮೀನನ್ನು ಡಬ್ಬಿಗೆ ಹಾಕುವಾಗ ಉದುರಿಸದೆ ದೊಡ್ಡ ತುಂಡುಗಳಾಗಿಯೇ ಇಡಬೇಕು. ಉದುರಿಸಿದಷ್ಟೂ ಗಾಳಿ ತಾಗುವ ಮೈ ಹೆಚ್ಚಿ ಬೇಗ ಒಣಗುತ್ತದೆ, ವಾಸನೆಯೂ ಬೇಗ ಹುಟ್ಟುತ್ತದೆ.

ಡಬ್ಬಿ ತುಂಬುವುದು, ಒಯ್ಯುವುದು, ತಿನ್ನುವುದು

ಚಿತ್ರಗಳಲ್ಲಿ ಕಾಣುವಂತೆ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಬಣ್ಣಬಣ್ಣದ ಪಟ್ಟಿಗಳಾಗಿ ಜೋಡಿಸಿದರೆ ನೋಟ ಚಂದ; ಆದರೆ ಬಿಸಿ ಮಾಡುವ ಹೊತ್ತಿಗೆ ಎಲೆಕೋಸೂ ಬೇಯುತ್ತದೆ, ಮೊಸರೂ ಒಡೆಯುತ್ತದೆ. ಮೈಕ್ರೋವೇವ್‌ಗೆ ಹೋಗುವ ದೊಡ್ಡ ಡಬ್ಬಿಯಲ್ಲಿ ಅನ್ನ, ಬೀನ್ಸ್, ಜೋಳ. ಚಿಕ್ಕದೊಂದರಲ್ಲಿ ಸೀಗಡಿ ಅಥವಾ ಮೀನು. ಮತ್ತೊಂದರಲ್ಲಿ ಎಲೆಕೋಸು, ಹಿಂಡಿದ ಈರುಳ್ಳಿ, ಒಂದು ನಿಂಬೆ ಹೋಳು. ಮುಚ್ಚಳ ಬಿಗಿಯಿರುವ ಪುಟ್ಟ ಭರಣಿಯಲ್ಲಿ ಸಾಸ್. ಟೋರ್ಟಿಯಾ ಚಿಪ್ಸ್ ಮೇಲೆ ಪುಡಿಮಾಡಿ ಉದುರಿಸುವ ಆಸೆಯಿದ್ದರೆ ಅದು ಪ್ರತ್ಯೇಕ ಚೀಲದಲ್ಲಿರಬೇಕು. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಹಬೆ ನೀರಾಗಿ ಒಳಗೇ ತೊಟ್ಟಿಕ್ಕುತ್ತದೆ. ಹಾಗೆಂದು ಹೊರಗೂ ಬಹಳ ಹೊತ್ತು ಬಿಡುವಂತಿಲ್ಲ. ತಟ್ಟೆಯಲ್ಲಿ ಹರಡಿದ ಸೀಗಡಿ ಅರ್ಧ ಗಂಟೆಯೊಳಗೆ ಫ್ರಿಜ್ ಸೇರಲಿ.

ಬೇಯಿಸಿದ ಆಹಾರ 4ರಿಂದ 60 ಡಿಗ್ರಿಯ ನಡುವೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕೆಲಸದ ಸ್ಥಳದಲ್ಲಿ ಫ್ರಿಜ್ ಇಲ್ಲದವರು ಶಾಖ ತಡೆಯುವ ಚೀಲದಲ್ಲಿ ಹೆಪ್ಪುಗಟ್ಟಿಸಿದ ಐಸ್ ಪ್ಯಾಕ್ ಇಟ್ಟುಕೊಂಡೇ ಒಯ್ಯಬೇಕು.

ಅನ್ನದ ಡಬ್ಬಿಗೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಳ ಸಡಿಲವಾಗಿಟ್ಟು, ಹಬೆಯಾಡುವಷ್ಟು ಬಿಸಿ ಮಾಡಬೇಕು. ಸೀಗಡಿಯನ್ನು ನಾನು ಬಿಸಿ ಮಾಡುವುದಿಲ್ಲ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಸೀಗಡಿಯನ್ನು ಸುಡುವ ಅನ್ನದ ಮೇಲೆ ಹಾಕಿ ತಕ್ಷಣ ತಿಂದರೆ ಅದರ ಹದ ಕೆಡುವುದಿಲ್ಲ. ಬಿಸಿಯೇ ಬೇಕೆನ್ನುವವರು, ಮುಖ್ಯವಾಗಿ ಗರ್ಭಿಣಿಯರು, ವಯಸ್ಸಾದವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು, ಅರೆಬಿಸಿಗೆ ನಿಲ್ಲಿಸದೆ ಒಳಗೆ 74 ಡಿಗ್ರಿ ಮುಟ್ಟುವ ತನಕ ಕಾಯಿಸಬೇಕು. ಮೀನಿನ ತುಂಡಿನ ಮೇಲೆ ಒದ್ದೆ ಪೇಪರ್ ಟವೆಲ್ ಮುಚ್ಚಿ, ಮೈಕ್ರೋವೇವನ್ನು ಅರ್ಧ ಶಕ್ತಿಯಲ್ಲಿಟ್ಟು ಕಾಯಿಸಿದರೆ ಅಂಚು ಸಿಡಿಯುವುದಿಲ್ಲ. ನಿಂಬೆಯನ್ನು ಕೊನೆಯಲ್ಲಿ, ಮೀನಿನ ಮೇಲೆಯೇ ಹಿಂಡಬೇಕು: ಹಳೆಯ ಮೀನಿನ ವಾಸನೆಗೆ ಕಾರಣವಾದ ಟ್ರೈಮಿಥೈಲಮೀನ್ ಕ್ಷಾರವಾದ್ದರಿಂದ ಹುಳಿ ತಾಗಿದಾಗ ಅದು ಗಾಳಿಗೆ ಹಾರುವುದು ಕಡಿಮೆಯಾಗುತ್ತದೆ. ಆದರೆ ಡಬ್ಬಿ ತೆರೆದಾಗಲೇ ಅಮೋನಿಯದ ಘಾಟು ಬಂದರೆ ಅಥವಾ ಮುಟ್ಟಿದಾಗ ಲೋಳೆಲೋಳೆ ಎನಿಸಿದರೆ ನಿಂಬೆಯಿಂದ ಸರಿಮಾಡಲು ಹೋಗದೆ ಎಸೆಯಬೇಕು.

ಬೆಣ್ಣೆಹಣ್ಣನ್ನು ಆಯಾ ದಿನ ಬೆಳಿಗ್ಗೆ ಅರ್ಧ ಮಾತ್ರ ಕತ್ತರಿಸಿ, ನಿಂಬೆರಸ ಸವರಿ ಒಯ್ಯಬಹುದು. ಉಳಿದರ್ಧವನ್ನು ಬೀಜದ ಸಮೇತ, ಕತ್ತರಿಸಿದ ಮೈಗೆ ಪ್ಲಾಸ್ಟಿಕ್ ಹಾಳೆ ಗಾಳಿಯಿಲ್ಲದಂತೆ ಒತ್ತಿ ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನಕ್ಕೆ ಆಗುತ್ತದೆ. ಕಂದು ಮಾಡುವ ಕಿಣ್ವಕ್ಕೆ ಆಮ್ಲಜನಕ ಸಿಗದಿರುವುದೇ ಇಲ್ಲಿನ ಉಪಾಯ, ಬೀಜ ಕಾಯುವುದು ತನ್ನ ಅಡಿಯ ಜಾಗವನ್ನಷ್ಟೆ.

ಬುಧವಾರ ರಾತ್ರಿ

ಮಂಗಳವಾರ ರಾತ್ರಿಯೇ 250 ಗ್ರಾಂನ ಪೊಟ್ಟಣವನ್ನು ಫ್ರಿಜ್‌ಗೆ ಇಳಿಸಿದ್ದರೆ ಬುಧವಾರ ಕರಗಿ ಸಿದ್ಧವಾಗಿರುತ್ತದೆ. ಉಪ್ಪು ಸೋಡಾಗಳನ್ನು ಅದೇ ಅನುಪಾತದಲ್ಲಿ ಇಳಿಸಿಕೊಂಡು, ಉಳಿಸಿಟ್ಟ ಮಸಾಲೆಯಲ್ಲಿ ಸೀಗಡಿಯನ್ನು ಒಂದೇ ಸಲಕ್ಕೆ ಹುರಿಯಬಹುದು. ಮೊದಲಾರ್ಧಕ್ಕೆ ಸೀಗಡಿ ಮಾಡಿದವರು ಈಗ ಮೀನಿಗೆ ಬದಲಾಯಿಸಿದರೆ ಐದು ದಿನವೂ ಒಂದೇ ಊಟ ಎಂಬ ಬೇಸರವಿರುವುದಿಲ್ಲ. ಹೆಪ್ಪುಗಟ್ಟಿದ ಅನ್ನ, ಬೀನ್ಸ್ ಡಬ್ಬಿಗಳನ್ನು ಕರಗಿಸಬೇಕಾದ ಅಗತ್ಯವಿಲ್ಲ; ಫ್ರೀಜರಿನಿಂದಲೇ ಚೀಲಕ್ಕಿಟ್ಟರೆ ದಾರಿಯಲ್ಲಿ ಪಕ್ಕದ ಡಬ್ಬಿಗಳಿಗೆ ತಂಪನ್ನೂ ಕೊಡುತ್ತವೆ, ಊಟದ ಹೊತ್ತಿಗೆ ಎರಡು ನಿಮಿಷ ಹೆಚ್ಚು ಕಾಯಿಸಿದರಾಯಿತು. ಶುಕ್ರವಾರ ಸಾಸ್ ಮಿಕ್ಕಿದ್ದರೆ ಅದನ್ನು ಚೆಲ್ಲಿ, ಈರುಳ್ಳಿಯ ಬಾಟಲಿಯನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಬಹುದು.